ಸರಕಿಲ್ಲದ ಅಂಗಡಿಗೆ ಶಾಲು

ಶೇಷಗಿರಿಯವರಿಗೆ ಎಂಥ ಸಂಕಟಕ್ಕೂ ಗೊತ್ತಿದ್ದ ಮದ್ದು ಒಂದೇ: ಶಾಲು ಹೊದಿಸುವುದು. ಕನ್ನಡ ಕೂಟದಲ್ಲಿ ಇಬ್ಬರು ಕಿತ್ತಾಡಿದರೆ ಇಬ್ಬರಿಗೂ ಶಾಲು. ಯುಗಾದಿಗೆ ಹೋಳಿಗೆ ಬೇಯಿಸಿ ಬೇಯಿಸಿ ಹೆಂಗಸರು ಮುನಿಸಿಕೊಂಡರೆ ಅವರಿಗೂ ಶಾಲು. ಮೈಸೂರಿಗೆ ಹೋದಾಗಲೆಲ್ಲ ಕಟ್ಟುಗಟ್ಟಲೆ ಹೊತ್ತು ತರುತ್ತಿದ್ದರು, ಪುಣ್ಯಾತ್ಮ. ಆದರೆ ಆ ಮದ್ದನ್ನು ಡೆಟ್ರಾಯಿಟ್‌ನ ಡೆಲೋರಿಸ್ ಮೇಲೂ ಪ್ರಯೋಗಿಸುತ್ತಾರೆಂದು ಬಷೀರ್ ಕನಸಿನಲ್ಲೂ ಎಣಿಸಿರಲಿಲ್ಲ.

ಬಷೀರ್ ಗದಗಿನವನು; ಈಗ ಇದ್ದದ್ದು ಅಮೆರಿಕದಲ್ಲಿ. ಬೋಲಿಂಗ್‌ಬ್ರೂಕ್‌ನಲ್ಲಿದ್ದ ಶೇಷಗಿರಿಯವರ ಗೋದಾಮಿನಿಂದ ಅಂಗಡಿ ಅಂಗಡಿಗೆ ಸರಕು ಮುಟ್ಟಿಸುವುದು ಅವನ ಕೆಲಸ. ಸರಕು ಅಂದರೆ ಕೂದಲು. ನಮ್ಮ ಕಡೆ ದೇವರಿಗೆ ಮುಡಿ ಕೊಟ್ಟು ಬರುತ್ತಾರಲ್ಲ, ಅದೇ ಕೂದಲು ಹರಾಜಾಗಿ, ತೊಳೆಸಿಕೊಂಡು, ಬಾಚಿಸಿಕೊಂಡು, ಪ್ಯಾಕೆಟ್ ಸೇರಿ ಅಮೆರಿಕಕ್ಕೆ ಬರುತ್ತದೆ. ಅದನ್ನು ತಮ್ಮ ಕೂದಲಿಗೆ ಸೇರಿಸಿ ಹೆಣೆಸಿಕೊಳ್ಳಲು ಕೊಳ್ಳುವವರು ಬಹುಪಾಲು ಕಪ್ಪು ಹೆಂಗಸರು. ಮಾರುವ ಅಂಗಡಿಗಳು ಮಾತ್ರ ಅವರವಲ್ಲ. ಡೆಟ್ರಾಯಿಟ್‌ನ ಆ ಭಾಗದ ಅಂಗಡಿಗಳೆಲ್ಲ ಒಬ್ಬನೇ ಯಜಮಾನನ ಕೈಯಲ್ಲಿದ್ದವು. ಅವುಗಳಲ್ಲೊಂದರ ಕೌಂಟರಿನಲ್ಲಿ ನಿಂತೇ ಡೆಲೋರಿಸ್ ತಮ್ಮ ತಲೆ ನರೆಸಿಕೊಂಡಿದ್ದರು. ಬಷೀರನ ಮನಸ್ಸಿನಲ್ಲಿ ಅವರು ಡೆಲೋರಿಸಮ್ಮ.

“ಸ್ವಂತ ಅಂಗಡಿ ಹಾಕಬಾರದೇನು?” ಎಂದು ಅವರನ್ನು ಕೆಣಕಿದವನು ಬಷೀರನೇ.

“ಹಾಕಬಹುದು ಮಗಾ. ನಮ್ಮಂಥವರ ಅಂಗಡಿಗೆ ಸರಕು ಯಾರು ಕೊಡ್ತಾರೆ?”

“ನಾನು ಕೊಡ್ತೀನಿ,” ಎಂದು ಅವರ ಕೈಮೇಲೆ ಕೈಯಿಟ್ಟು ಮಾತು ಕೊಟ್ಟಿದ್ದ. ಶೇಷಗಿರಿಯವರೂ ಆಗ ಧಾರಾಳವಾಗಿ ತಲೆಯಾಡಿಸಿದ್ದರು. ಆ ಮಾತನ್ನೇ ನಂಬಿ ಡೆಲೋರಿಸಮ್ಮ ಇದ್ದ ಕೆಲಸ ಬಿಟ್ಟರು. ಲಿವರ್ನಾಯ್ ರಸ್ತೆಯಲ್ಲಿ ಅಂಗಡಿ ಬಾಡಿಗೆಗೆ ಹಿಡಿದರು. ಗೋಡೆ ತುಂಬ ಕೊಕ್ಕೆ ಹೊಡೆಸಿ, ಬಾಗಿಲ ಮೇಲೆ ತಮ್ಮ ಹೆಸರು ಬರೆಸಿದರು. ಎರಡು ಸಾವಿರದ ನಾಲ್ಕರ ಮೇ ತಿಂಗಳ ಒಂದು ಶನಿವಾರ ಅಂಗಡಿ ತೆರೆಯುವುದೆಂದು ನಿಶ್ಚಯವಾಯಿತು.

ಅದೇ ವಾರ ಶೇಷಗಿರಿಯವರು ಬಷೀರನನ್ನು ಒಳಗೆ ಕರೆದರು.

“ಡೆಟ್ರಾಯಿಟ್ ಯಜಮಾನ ಫೋನ್ ಮಾಡಿದ್ದ ಕಣಯ್ಯಾ. ಆಯಮ್ಮಂಗೆ ಒಂದು ಪ್ಯಾಕೆಟ್ ಕೊಟ್ರೂ ನಮ್ಮ ಹತ್ರ ತಗೊಳೋದು ನಿಲ್ಲಿಸ್ತಾನಂತೆ. ಅವನು ನಿಲ್ಲಿಸಿದ್ರೆ ಗೋದಾಮಿಗೆ ಬೀಗ ಹಾಕೋದೇ.”

“ನಾ ಮಾತ್ ಕೊಟ್ಟೀನ್ರಿ ಸರ. ಅವ್ರು ಇದ್ದ ಕೆಲಸಾನೂ ಬಿಟ್ಟಾರ.”

“ನಾನೂ ಹ್ಞೂಂ ಅಂದಿದ್ದೆ. ಇಲ್ಲ ಅಂತೀನಾ? ಏನ್ಮಾಡ್ಲಿ, ನೀನೇ ಹೇಳು.”

“ಬ್ಯಾರೆ ಕಡೆಯಿಂದಾದ್ರೂ ಕೊಡಸೂಣ್ರಿ.”

“ಯಾವ ಹೋಲ್‌ಸೇಲರೂ ಕೊಡಲ್ಲ. ಎಲ್ರಿಗೂ ಇದೇ ಫೋನ್ ಹೋಗಿದೆ.” ಸ್ವಲ್ಪ ಹೊತ್ತು ತಲೆ ಕೆರೆದುಕೊಂಡ ಶೇಷಗಿರಿಯವರ ಮುಖ ಇದ್ದಕ್ಕಿದ್ದಂತೆ ಅರಳಿತು. “ಒಂದ್ ಕೆಲ್ಸ ಮಾಡೋಣ. ಓಪನಿಂಗ್ ದಿವ್ಸ ಹೋಗಿ ಆಯಮ್ಮಂಗೆ ಸನ್ಮಾನ ಮಾಡೋಣ! ಕಪ್ಪು ಮಹಿಳೆ, ಸ್ವಂತ ಉದ್ಯಮ, ಎಂಥ ಸಾಧನೆ! ಶಾಲು, ಹಾರ, ಒಂದು ಫಲಕ. ಸರಕಿನ ವಿಷ್ಯ ಆಮೇಲೆ ನಿಧಾನಕ್ಕೆ ಹೇಳಿದ್ರಾಯ್ತು.”

ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು! ಬಷೀರನಿಗೆ ರೇಗಿತು.

“ಮೊದ್ಲ ಹೇಳಿಬಿಡೂಣ್ರಿ ಸರ.”

“ಮರ್ಯಾದೆ ಹೋಗುತ್ತೆ ಕಣೋ. ನಿನ್ನ ಗ್ರೀನ್ ಕಾರ್ಡಿಗೆ ಅಪ್ಲೈ ಮಾಡಿರೋದೂ ನಮ್ಮ ಕಂಪನಿಯಿಂದ್ಲೇ. ಕಂಪನಿ ಉಳಿದ್ರೆ ತಾನೆ ನೀನು, ನಾನು?”

ಹೆದರಿಸಲಿಕ್ಕೆ ಹೇಳಿದ್ದಾಗಿದ್ದರೆ ತಿರುಗಿ ಬೀಳಬಹುದಿತ್ತು. ಆ ಮನುಷ್ಯ ಅಂಗಲಾಚುತ್ತಿದ್ದ. ಬಷೀರ್ ಎದ್ದು ಮನೆಗೆ ಹೊರಟ.

ಗ್ಲೆಂಡೇಲ್ ಹೈಟ್ಸ್‌ನ ಮನೆಯಲ್ಲಿ ಹೆಂಡತಿ ಅಸ್ಗರಿ ಎಲ್ಲ ಕೇಳಿ ಫೋನನ್ನು ಅವನ ಕೈಗೆ ತುರುಕಿದಳು. “ಈಗಿಂದೀಗ ಹೇಳ್ರಿ. ಪಾಪ, ಆಕಿ ಕಾಯ್ಕೋತ ಕುಂತಿರ್ತಾಳ.”

ಅತ್ತಲಿಂದ ಡೆಲೋರಿಸಮ್ಮನ ದನಿ ನಗುತ್ತಲೇ ಬಂತು. “ಮಗಾ, ಅಂಗಡಿ ಒರೆಸಿ ಒರೆಸಿ ನನ್ನ ಸೊಂಟ ಬಿತ್ತು! ಚರ್ಚಿನವರೆಲ್ಲ ಬರ್ತಾರೆ. ಸರಕು ಎಷ್ಟು ಹೊತ್ತಿಗೆ ಬರುತ್ತೆ?”

“ಬೆಳಿಗ್ಗೆ,” ಎಂದ ಬಷೀರ್. ಆ ಒಂದು ಮಾತು ಹೇಗೆ ಹೊರಬಿತ್ತೋ ಅವನಿಗೇ ತಿಳಿಯಲಿಲ್ಲ. ಅಸ್ಗರಿ ಎದ್ದು ಒಳಗೆ ಹೋದಳು.

ಶನಿವಾರ ಶೇಷಗಿರಿಯವರೂ ಬಷೀರನೂ ದಿನನಿತ್ಯ ಸರಕು ಸಾಗಿಸುವ ವ್ಯಾನಿನಲ್ಲೇ ಹೊರಟರು. ದಾರಿಯುದ್ದಕ್ಕೂ ಶೇಷಗಿರಿಯವರು ಭಾಷಣ ಬಾಯಿಪಾಠ ಮಾಡಿದರು. ಬಷೀರ್ ಹೆದ್ದಾರಿಯಿಂದ ಇಳಿಯುವ ಒಂದೊಂದು ಎಕ್ಸಿಟ್ ಬಂದಾಗಲೂ ಇಲ್ಲೇ ಇಳಿದು ತಿರುಗಿಬಿಡಲೇ ಎಂದುಕೊಂಡ. ತಿರುಗಲಿಲ್ಲ.

ಅಂಗಡಿಯ ಮುಂದೆ ದೊಡ್ಡ ದೊಡ್ಡ ಟೋಪಿ ತೊಟ್ಟ ಚರ್ಚಿನ ಹೆಂಗಸರು ನೆರೆದಿದ್ದರು. ಶೇಷಗಿರಿಯವರು ಶಾಲು ಹೊದಿಸಿ, ಗಂಧದ ಹಾರ ಹಾಕಿ, ಫಲಕ ಕೊಟ್ಟು, ವ್ಯಾಪಾರದಲ್ಲಿ ಎಲ್ಲರಿಗೂ ಸಮಾನ ಅವಕಾಶ ಸಿಗಬೇಕೆಂದು ಗದ್ಗದರಾಗಿ ಮಾತಾಡಿದರು. ಜನ ಚಪ್ಪಾಳೆ ತಟ್ಟಿದರು. ಡೆಲೋರಿಸಮ್ಮ ಅತ್ತರು. ಶೇಷಗಿರಿಯವರನ್ನು ಅಪ್ಪಿಕೊಂಡು, ಬಷೀರನನ್ನೂ ಅಪ್ಪಿಕೊಂಡರು. ನೆಲ ಬಿರಿದು ತನ್ನನ್ನು ನುಂಗಬಾರದೇ ಅನ್ನಿಸಿತು ಬಷೀರನಿಗೆ.

“ಸರಿ, ಸರಕು ಇಳಿಸೋಣ,” ಎಂದರು ಡೆಲೋರಿಸಮ್ಮ ಕಣ್ಣೊರೆಸಿಕೊಂಡು, ಬಾಗಿಲಲ್ಲಿ ನಿಂತ ಹುಡುಗಿಯೊಬ್ಬಳನ್ನು ತೋರಿಸುತ್ತ. “ಈ ಹುಡುಗಿಗೆ ಇವತ್ತು ಸಂಜೆ ಶಾಲೆಯ ಡಾನ್ಸಿಗೆ ಕೂದಲು ಬೇಕು. ಮೊದಲ ಗಿರಾಕಿ ನಾನೇ ಅಂತ ಬೆಳಿಗ್ಗೆಯಿಂದ ನಿಂತಿದಾಳೆ.”

ತಳ್ಳುಗಾಡಿ ಹಿಡಿದು ಅವರೇ ಮುಂದೆ ನಡೆದರು. ಶೇಷಗಿರಿಯವರು ಯಾರದೋ ಜೊತೆ ಫೋಟೋಕ್ಕೆ ನಿಂತುಬಿಟ್ಟರು. ಬಷೀರ್ ವ್ಯಾನಿನ ಹಿಂಬಾಗಿಲು ತೆಗೆದ. ಬೇರೇನು ತಾನೆ ಮಾಡಲು ಸಾಧ್ಯವಿತ್ತು?

ಡೆಲೋರಿಸಮ್ಮ ಖಾಲಿ ವ್ಯಾನಿನೊಳಗೆ ಬಗ್ಗಿ ನೋಡಿದರು. ಬಷೀರ್ ತೊದಲುತ್ತ ಎಲ್ಲವನ್ನೂ ಹೇಳಿದ.

“ಅವರು ಇದನ್ನು ಹೊದಿಸುವಾಗ ನಿನಗೆ ಗೊತ್ತಿತ್ತಾ?”

“ಗೊತ್ತಿತ್ತು.”

ಡೆಲೋರಿಸಮ್ಮ ತಳ್ಳುಗಾಡಿಯನ್ನು ತಿರುಗಿಸಿಕೊಂಡು ಹೋಗಿ, “ಹಳೇ ಅಂಗಡಿಗೇ ಹೋಗಮ್ಮಾ, ಸಂಜೆಯೊಳಗೆ ಬೇಕಲ್ಲ,” ಎಂದು ಆ ಹುಡುಗಿಯನ್ನು ಕಳಿಸಿದರು. ಚರ್ಚಿನ ಹೆಂಗಸರು ಕೇಕು ತಿಂದು, ಬರಿಯ ಗೋಡೆಯನ್ನು ನೋಡಿ, ಒಬ್ಬೊಬ್ಬರಾಗಿ ಹೊರಟುಹೋದರು.

ಶಾಂಪೂ, ಬಾಚಣಿಗೆ, ಎಣ್ಣೆ ಇಟ್ಟುಕೊಂಡು ಆಕೆ ಬೇಸಿಗೆ ಪೂರ್ತಿ ಹೋರಾಡಿದರಂತೆ. ಕೂದಲೇ ಇಲ್ಲದ ಕೂದಲಂಗಡಿಗೆ ಯಾರು ಬರುತ್ತಾರೆ? ಚಳಿ ಶುರುವಾಗುವ ಮೊದಲೇ ಬೀಗ ಬಿತ್ತು.

ನವೆಂಬರಿನಲ್ಲಿ ಬಷೀರ್ ಯಜಮಾನನ ಅಂಗಡಿಗೆ ಸರಕು ತಂದಾಗ ಕೌಂಟರಿನ ಹಿಂದೆ ಡೆಲೋರಿಸಮ್ಮ ನಿಂತಿದ್ದರು. ಯಜಮಾನ ಅವರನ್ನು ಮತ್ತೆ ಕೆಲಸಕ್ಕೆ ತೆಗೆದುಕೊಂಡಿದ್ದ, ಮೊದಲಿಗಿಂತ ಕಡಿಮೆ ಸಂಬಳಕ್ಕೆ. ಅವರು ಪೆಟ್ಟಿಗೆ ಬಿಚ್ಚಿ, ಪ್ಯಾಕೆಟ್‌ಗಳನ್ನು ಒಂದೊಂದಾಗಿ ಗೋಡೆಗೆ ತೂಗುಹಾಕತೊಡಗಿದರು. ಮೇಲಿನ ಸಾಲು ಅವರಿಗೆ ಎಟುಕುತ್ತಿರಲಿಲ್ಲ. ಬಷೀರ್ ಓಡಿಹೋಗಿ ಕೈ ಚಾಚಿದ.

“ಬಿಡಿ, ಮಿಸ್ಟರ್ ಬಷೀರ್,” ಎಂದರು ಅವರು, ಸ್ಟೂಲನ್ನು ಎಳೆದುಕೊಳ್ಳುತ್ತ. “ಇದು ನನ್ನ ಕೆಲಸ.”