ಮೆಟ್ಟಿಲ ಗೋಡೆಯ ತೂತು

ಬೆಳಗಿನ ಕಾಫಿಯನ್ನು ಗಾರೆ ಮೇಸ್ತ್ರಿ ಅರ್ಧಕ್ಕೇ ಕೆಳಗಿಟ್ಟ. ಕಾರಣ, ವಸ್ತುಸಂಗ್ರಹಾಲಯದ ಉದ್ಘಾಟನೆಗೆಂದು ಪರವೂರಿನಿಂದ ಬಂದಿದ್ದ ಅತ್ತೆಯ ಒಂದು ಮಾತು.

"ಭಾಷಣ ಗೀಷಣ ಎಲ್ಲ ಆಮೇಲೆ. ಮೊದಲು ನನ್ನ ಆ ಅಂಚೆ ಕಚೇರಿ ಮೆಟ್ಟಿಲ ಹತ್ರ ಕರ್ಕೊಂಡು ಹೋಗು. ಅಣ್ಣನಿಗೆ ಹೊಡೆದ ಗುಂಡಿನ ತೂತು ಆ ಗೋಡೇಲಿದೆ. ಕಟ್ಟಡಕ್ಕೆ ಬೀಗ ಹಾಕಿದ ಮೇಲೆ ಅದನ್ನ ಮುಟ್ಟಿ ನೋಡಿಲ್ಲ."

ಹಿಂದೆ ಅಂಚೆಯವರ ಮುಷ್ಕರದಲ್ಲಿ ಅತ್ತೆಯ ಅಣ್ಣ ಪೊಲೀಸರ ಗುಂಡಿಗೆ ಸತ್ತದ್ದು ಅಳಿಯನಿಗೆ ಗೊತ್ತಿತ್ತು. ಬೀದಿಯಲ್ಲಿ ಸತ್ತದ್ದೆಂದು ತಿಳಿದಿದ್ದ. ಹಳೆಯ ಅಂಚೆ ಕಚೇರಿಯನ್ನು ವಸ್ತುಸಂಗ್ರಹಾಲಯ ಮಾಡುವಾಗ ಅದರ ಗೋಡೆಗಳೆಲ್ಲ ಇವನ ಪಾಲಿಗೆ ಬಂದಿದ್ದವು. ಮೊಳೆಯ ತೂತು, ಬೋಲ್ಟಿನ ತೂತು, ಹೆಬ್ಬೆರಳು ಹಿಡಿಸುವಂಥ ಇನ್ನೊಂದು ತೂತು, ಒಂದನ್ನೂ ಬಿಡದೆ ತುಂಬಿದ್ದ.

"ನೀವು ನಿಧಾನಕ್ಕೆ ಬನ್ನಿ, ಅಲ್ಲಿ ಸ್ವಲ್ಪ ಕೆಲಸ ಬಾಕಿ ಇದೆ" ಎಂದು ಹೇಳಿ, ಚೀಲ ಹೆಗಲಿಗೇರಿಸಿ, ಹೆಂಡತಿ ಯಾವ ಕೆಲಸ ಎಂದು ಕೇಳುವ ಮೊದಲೇ ಬೀದಿಗಿಳಿದ.

ತೇಪೆ ಹಾಕಿದ ಜಾಗ ಹಾಕಿದವನಿಗೂ ಸಿಗಬಾರದು ಎಂಬುದು ಅವನ ಜಂಬ. ಹಳೆ ಸುಣ್ಣವನ್ನು ಪುಡಿ ಮಾಡಿ ಹೊಸದರಲ್ಲಿ ಬೆರೆಸಿ, ಪಕ್ಕದ ಗೋಡೆಯ ಬಣ್ಣಕ್ಕೇ ತರುತ್ತಿದ್ದ. ಈಗ ಆ ಜಂಬ ಅವನ ಕುತ್ತಿಗೆಗೇ ಬಂತು. ಮೆಟ್ಟಿಲ ಗೋಡೆಗೆ ಓರೆಯಾಗಿ ಟಾರ್ಚ್ ಹಿಡಿದ, ಅಂಗೈಯಿಂದ ಸವರಿದ, ಗೆಣ್ಣಿನಿಂದ ತಟ್ಟಿ ಕಿವಿಯಿಟ್ಟ. ಮೇಲಕ್ಕೆ ಹೋದ, ಕೆಳಕ್ಕೆ ಬಂದ. ಗೋಡೆ ಬಾಯಿ ಬಿಡಲಿಲ್ಲ. ಹೊರಗೆ ಕುರ್ಚಿ ಎಳೆಯುವ ಸದ್ದು, ಮೈಕಿನವನ ಹಲೋ ಹಲೋ.

ಎಲ್ಲಾದರೂ ಒಂದು ಹೊಸ ತೂತು ಕೊರೆದರಾಯಿತು, ಮುದುಕಿಗೇನು ತಿಳಿಯುತ್ತದೆ ಎಂದುಕೊಂಡು ಉಳಿ ತೆಗೆದ. ಗೋಡೆಗಿಟ್ಟೂ ಇಟ್ಟ. ಕೈ ಏಳಲಿಲ್ಲ. ತನ್ನ ಮೇಲೇ ಅಸಹ್ಯವಾಯಿತು.

ಅಷ್ಟರಲ್ಲಿ ಅತ್ತೆ ಕಂಬಿ ಹಿಡಿದು ಹತ್ತುತ್ತ ಬಂದರು. ಬೆಳ್ಳಗೆ ಸಮವಾಗಿದ್ದ ಗೋಡೆಯನ್ನು ನೋಡಿದರು, ಅಳಿಯನ ಮುಖ ನೋಡಿದರು.

"ಮುಚ್ಚಿಬಿಟ್ಟೆಯಾ?"

"ಗೊತ್ತಾಗ್ಲಿಲ್ಲ ಅತ್ತೆ. ಬೋಲ್ಟಿನ ತೂತು ಅಂದ್ಕೊಂಡೆ."

ಅತ್ತೆ ಮೆಟ್ಟಿಲ ಮೇಲೆ ಕುಳಿತರು. ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತು.

"ಈ ಗೋಡೆಗೆ ಅವತ್ತು ಐದಾರು ಗುಂಡು ಬಿದ್ದಿತ್ತು. ಮಾರನೇ ದಿನ ಮೇಲಿನವರು ಎಲ್ಲಾ ಮುಚ್ಚಿ ಅಂತ ಗಾರೆಯವನನ್ನ ಕರೆಸಿದ್ರು. ಅವನು ಎಲ್ಲಾ ಮುಚ್ಚಿದ, ಅಣ್ಣ ಬಿದ್ದ ಜಾಗದ ಒಂದನ್ನ ಮಾತ್ರ ಬಿಟ್ಟ. ಮೇಲೊಂದು ಕ್ಯಾಲೆಂಡರ್ ತೂಗುಹಾಕಿ, ಸಾಯಂಕಾಲ ನಮ್ಮನೆಗೆ ಬಂದು ನಮ್ಮಮ್ಮನಿಗೆ ಜಾಗ ಹೇಳಿದ. ಹೊರಗೆ ಗೊತ್ತಾದ್ರೆ ಕೆಲಸ ಹೋಗುತ್ತೆ, ಯಾರಿಗೂ ಹೇಳಬೇಡಿ ಅಂದ."

"ಯಾರು ಆ ಗಾರೆಯವನು?"

"ನಿಮ್ಮಪ್ಪ."

ಮೇಸ್ತ್ರಿಯೂ ಕುಳಿತುಬಿಟ್ಟ. ಕರಣೆ ಹಿಡಿಯುವುದನ್ನು ಕಲಿಸಿದ ಅಪ್ಪ ಸಾಯುವವರೆಗೆ ಈ ಮಾತು ಎತ್ತಿರಲಿಲ್ಲ. ಅಪ್ಪ ಹೊಟ್ಟೆಪಾಡನ್ನೇ ಪಣಕ್ಕಿಟ್ಟು ಉಳಿಸಿದ್ದನ್ನು ಮಗ ಅಚ್ಚುಕಟ್ಟಾಗಿ ಅಳಿಸಿದ್ದ.

"ಜಾಗ ಹೇಳಿ ಅತ್ತೆ."

ಅತ್ತೆ ಎದ್ದರು. ತಿರುವಿನ ಮೆಟ್ಟಿಲಲ್ಲಿ ನಿಂತು, ಕಂಬಿಗೆ ಬೆನ್ನು ಕೊಟ್ಟು, ಕಣ್ಣು ಮುಚ್ಚಿ ಕೈ ಚಾಚಿದರು. ಬೆರಳು ಗೋಡೆಗೆ ತಾಕಿ ಅಲ್ಲೇ ನಿಂತಿತು.

ಕೆಳಗೆ ಅತಿಥಿಗಳು ಒಳಬರುತ್ತಿದ್ದರು. "ಏನ್ರೀ ಮಾಡ್ತಿದೀರಾ, ಗೋಡೆ ಹಾಳಾಗುತ್ತೆ" ಎಂದು ಯಾರೋ ಕೂಗಿದರು. ಮೇಸ್ತ್ರಿ ಅತ್ತೆಯ ಬೆರಳಿದ್ದಲ್ಲಿಗೆ ಉಳಿಯಿಟ್ಟು ಹೊಡೆದ. ಗಾರೆ ಜಗ್ಗಲಿಲ್ಲ. ತನ್ನ ಕೆಲಸ ಕಳಪೆಯಾಗಿರಲಪ್ಪ ಎಂದು ಜನ್ಮದಲ್ಲಿ ಮೊದಲ ಸಲ ಬೇಡಿಕೊಳ್ಳುತ್ತ, ಇನ್ನೊಮ್ಮೆ ಹೊಡೆದ.