ಬೀಳುವ ಕಡೆಗೆ ಕೈ

ಇಪ್ಪತ್ತೆರಡು ವರ್ಷ ಬಸ್ಸು ಓಡಿಸಿದವಳಿಗೆ ಎರಡು ಕೆಜಿಯ ಕಾರು ಓಡಿಸಲು ಬರಲಿಲ್ಲ ಎಂಬ ಸುದ್ದಿ ಡಿಪೋ ತಲುಪಲು ಒಂದು ದಿನವೂ ಬೇಕಾಗಲಿಲ್ಲ.

ನಡೆದದ್ದು ಇಷ್ಟೇ. ಅವಳ ತಮ್ಮ ಕಾರುಗಳ ವೈರಿಂಗ್ ರಿಪೇರಿ ಮಾಡುವವನು. ಭಾನುವಾರ ಬಂತೆಂದರೆ ಊರಾಚೆಯ ಹಳೇ ಇಟ್ಟಿಗೆ ಕಾರ್ಖಾನೆಯ ಅಂಗಳಕ್ಕೆ ಓಡುತ್ತಿದ್ದ. ಅಲ್ಲಿ ಅವನ ಕ್ಲಬ್ಬಿನವರು ಮಣ್ಣು ಬಡಿದು ಗಟ್ಟಿಮಾಡಿ, ದಿಬ್ಬ, ಗುಂಡಿ, ಕಡಿದಾದ ತಿರುವುಗಳಿರುವ ಟ್ರ್ಯಾಕ್ ಕಟ್ಟಿದ್ದರು. ಅದರ ಮೇಲೆ ಬಗ್ಗಿ ಎಂದು ಕರೆಯುವ ಮೊಳದುದ್ದದ ರಿಮೋಟ್ ಕಾರುಗಳು ಕಣಜದ ಹುಳುಗಳಂತೆ ಗುಂಯ್‌ಗುಟ್ಟುತ್ತ ಹಾರಿ ಹಾರಿ ಓಡುತ್ತಿದ್ದವು. ಓಡಿಸುವವರು ಪಕ್ಕದ ಮರದ ಅಟ್ಟಣಿಗೆಯ ಮೇಲೆ ಸಾಲಾಗಿ ನಿಲ್ಲುತ್ತಿದ್ದರು. ಪಿಸ್ತೂಲಿನಂಥ ರಿಮೋಟು ಎಡಗೈಯಲ್ಲಿ, ಅದರ ಪಕ್ಕೆಯ ಪುಟ್ಟ ಚಕ್ರ ಬಲಗೈ ಬೆರಳಲ್ಲಿ. ಐದು ವರ್ಷದಿಂದ ಅಲ್ಲಿ ತಮ್ಮನೇ ಚಾಂಪಿಯನ್.

ಅವನು ಮರೆತು ಬಂದಿದ್ದ ಚಾರ್ಜರನ್ನು ಕೊಡಲೆಂದು ಒಂದು ಭಾನುವಾರ ಅಕ್ಕ ಅಲ್ಲಿಗೆ ಹೋದಳು. ಅವನು ಹುರುಪಿನಲ್ಲಿ, "ಒಂದು ಸುತ್ತು ಹೊಡಿ ಅಕ್ಕ, ನಿಂಗೇನು ಹೊಸದಾ?" ಎಂದು ರಿಮೋಟು ಕೊಟ್ಟ. ಬಗ್ಗಿ ಅವಳಿಂದ ದೂರ ಹೋಗುವಷ್ಟು ಹೊತ್ತು ಮಗುವಿನ ಹಾಗೆ ಮಾತು ಕೇಳಿತು. ಆಚೆ ತಿರುವು ದಾಟಿ ಅವಳ ಕಡೆ ಮುಖ ಮಾಡಿತೋ ಇಲ್ಲವೋ, ಎಲ್ಲ ತಲೆಕೆಳಗಾಯಿತು. ಅವಳ ಎಡ ಅದರ ಬಲ, ಅವಳ ಬಲ ಅದರ ಎಡ. ಎಡಕ್ಕೆ ಬರಲೆಂದು ಅವಳು ಎಡಕ್ಕೆ ತಿರುಗಿಸಿದರೆ ಅದು ಬಲಕ್ಕೆ ಓಡಿತು. ಇನ್ನೂ ಎಡಕ್ಕೆ ತಿರುಗಿಸಿದಳು. ಅದು ಅಂಚಿನ ಟೈರುಗಳ ಸಾಲಿಗೆ ಗುದ್ದಿ, ನಾಲ್ಕು ಕಾಲು ಮೇಲೆ ಮಾಡಿ ಮಲಗಿತು.

ಅಟ್ಟಣಿಗೆಯ ಮೇಲೆ ಕ್ಲಬ್ಬಿನವರೊಬ್ಬರಿದ್ದರು, ಊರಿನಲ್ಲಿ ಬೇಕರಿ ನಡೆಸುವವರು; ಆ ಬೇಕರಿಯವರು ಮೊದಲು ನಕ್ಕರು. "ಮೇಡಂ, ನಿಮ್ಮ ಬಸ್ ನಂಬರ್ ಒಂದು ಹೇಳ್ಬಿಡಿ. ನಾವು ಹತ್ತೋದು ಬೇಡ."

ಎಲ್ಲರೂ ನಕ್ಕರು. ಅವಳೂ ನಕ್ಕಳು. ಆದರೆ ಮನೆಗೆ ಬಂದು ಗಂಡನಿಗೆ ಊಟ ಬಡಿಸುವಾಗ ಸಾರಿನ ಸೌಟು ತಟ್ಟೆಗೆ ಟಣ್ಣೆಂದು ಬಡಿಯಿತು. ಅವನು ದರ್ಜಿ, ಸದ್ದು ಕೇಳಿಯೇ ಅಳತೆ ಹಿಡಿಯುವವನು. ನಡೆದದ್ದನ್ನೆಲ್ಲ ಅವಳ ಬಾಯಿಂದ ಹೇಳಿಸಿದ.

"ಕುಣಿಯೋಕೆ ಬಾರದೋಳು ನೆಲ ಡೊಂಕು ಅಂದ್ಲಂತೆ. ನೀನು ನೆಲಕ್ಕೇನೂ ಅನ್ಲಿಲ್ವಲ್ಲ, ಅದೇ ಸಮಾಧಾನ," ಎಂದ.

"ನೆಲ ಸರಿಯಾಗೇ ಇದೆ. ಕುಣಿಯೋದು ಕಲಿಬೇಕು," ಎಂದಳು ಅವಳು.

ಮರುದಿನವೇ ತಮ್ಮನ ಅಂಗಡಿಗೆ ಹೋಗಿ, ಅಟ್ಟದ ಮೇಲೆ ಬಿದ್ದಿದ್ದ ಅವನ ಹಳೇ ಬಗ್ಗಿ ಕೇಳಿದಳು. ಅವನು ತಲೆ ಕೆರೆದುಕೊಂಡ.

"ಅಕ್ಕಾ, ಅದು ನಿಂಗ್ಯಾಕೆ? ಬೇಕಾದ್ರೆ ಬಾ, ಉರುಳಿದ ಗಾಡಿ ಎತ್ತಿಡೋಕೆ ಜನ ಕಮ್ಮಿ ಇದ್ದಾರೆ."

"ಅದನ್ನೂ ಮಾಡ್ತೀನಿ. ಗಾಡಿ ಕೆಳಗಿಳಿಸು."

ಅವನಿಗೆ ಅಕ್ಷರ ತಿದ್ದಿಸಿದವಳು, ಸೈಕಲ್ ಹಿಂದೆ ಓಡಿ ಓಡಿ ಕಲಿಸಿದವಳು ಅವಳೇ. ಎದುರಾಡುವ ಅಭ್ಯಾಸ ಅವನಿಗಿರಲಿಲ್ಲ. ಇಳಿಸಿದ.

ಆ ಋತುವಿನಲ್ಲಿ ಆರು ಭಾನುವಾರದ ಓಟಗಳಿದ್ದವು. ಮೊದಲನೆಯದರಲ್ಲಿ ಐದು ನಿಮಿಷಕ್ಕೆ ಹನ್ನೊಂದು ಸಲ ಉರುಳಿದಳು. ಎರಡನೆಯದರಲ್ಲಿ ಮುಂದಿನ ಚಕ್ರ ಹಿಡಿದಿರುವ ಪ್ಲಾಸ್ಟಿಕ್ ತೋಳು ಲಟಕ್ಕೆಂದು ಮುರಿದು, ಅರ್ಧಕ್ಕೇ ಕೈಯಲ್ಲೆತ್ತಿಕೊಂಡು ಬರಬೇಕಾಯಿತು. ಮೂರನೆಯದರಲ್ಲಿ ಆದದ್ದು ಅದಕ್ಕಿಂತ ಕೆಟ್ಟದ್ದು.

ಆ ದಿನ ತಮ್ಮ ತನ್ನ ಸರದಿಗೆ ಕಾಯುತ್ತ ಅವಳ ಪಕ್ಕದಲ್ಲೇ ನಿಂತಿದ್ದ. ಬಗ್ಗಿ ಅವಳ ಕಡೆ ಬರುತ್ತ ಇನ್ನೇನು ಟೈರುಗಳಿಗೆ ಗುದ್ದಬೇಕು, ಅಷ್ಟರಲ್ಲಿ ಅವನ ಕೈ ತಡೆಯಲಿಲ್ಲ. ರಿಮೋಟನ್ನು ಅವಳ ಕೈಯಿಂದ ಕಿತ್ತುಕೊಂಡು ಗಾಡಿ ಉಳಿಸಿ, ಎರಡು ಸುತ್ತು ಚಕಚಕನೆ ಓಡಿಸಿ, ಮತ್ತೆ ಕೈಗಿಟ್ಟ. ಸುತ್ತು ಎಣಿಸುವ ಯಂತ್ರದ ಮುಂದೆ ಕೂತಿದ್ದವರು ಕ್ಲಬ್ಬಿನ ಹಿರಿಯರಾದ ಡ್ರಾಯಿಂಗ್ ಮೇಷ್ಟ್ರು. ಗೆರೆ ಸೊಟ್ಟಗಾದರೆ ಸಹಿಸದ ಜೀವ. ಓಟ ಮುಗಿದ ಮೇಲೆ ಮೈಕಿನಲ್ಲೇ ಹೇಳಿದರು: "ನಾಲ್ಕನೇ ನಂಬರ್ ಗಾಡಿ, ಕೈ ಬದಲಾಗಿದೆ. ಓಟ ಲೆಕ್ಕಕ್ಕಿಲ್ಲ."

ಅವಳು ಅಟ್ಟಣಿಗೆಯಿಂದ ಇಳಿದು ಗಾಡಿಯ ಮಣ್ಣು ಉಜ್ಜುತ್ತ ಕೂತಳು. ತಮ್ಮ ಬಂದು ಪಕ್ಕದಲ್ಲಿ ಕುಕ್ಕರಿಸಿದ.

"ಮುರಿದುಹೋಗ್ತಿತ್ತು ಅಕ್ಕ."

"ಮುರೀಲಿ. ನಾನು ಮುರಿದ್ರೆ ನಾನೇ ಜೋಡಿಸ್ಕೋತೀನಿ. ನಿಂಗೆ ಸೈಕಲ್ ಕಲಿಸುವಾಗ ನಾನು ಸೀಟು ಬಿಟ್ಟೆನೋ ಇಲ್ವೋ?"

"ಬಿಟ್ಟೆ."

"ಬಿದ್ಯೋ ಇಲ್ವೋ?"

ಅವನು ಮೊಣಕೈ ಸವರಿಕೊಂಡ. ಅಲ್ಲಿ ಗಾಯದ ಗುರುತು ಇನ್ನೂ ಇತ್ತು. "ಬಿದ್ದೆ."

"ಹಾಗಾದ್ರೆ ಇನ್ಮೇಲೆ ನನ್ನ ರಿಮೋಟಿಗೆ ಕೈ ಹಾಕ್ಬೇಡ."

ಅಂದಿನಿಂದ ಅವಳ ಮಧ್ಯಾಹ್ನದ ಬಿಡುವೆಲ್ಲ ಡಿಪೋದ ಹಿಂದಿನ ಅಂಗಳದ ಪಾಲಾಯಿತು. ಎರಡು ಟ್ರಿಪ್ಪುಗಳ ನಡುವೆ ನಲವತ್ತು ನಿಮಿಷ. ಹತ್ತು ನಿಮಿಷದಲ್ಲಿ ಊಟ, ಮೂವತ್ತು ನಿಮಿಷ ಬಗ್ಗಿ. ಸವೆದ ಬಸ್ ಟೈರುಗಳೆರಡನ್ನು ನೆಲಕ್ಕೆ ಮಲಗಿಸಿ ಅವುಗಳ ಸುತ್ತ ಎಂಟರ ಆಕಾರದಲ್ಲಿ ಓಡಿಸುವುದು. ಹೋಗುವಾಗ ಸರಾಗ, ಬರುವಾಗ ಎಡವಟ್ಟು. ಎಡ ಅಂದರೆ ಬಲ ಎಂದು ಮನಸ್ಸಿನಲ್ಲೇ ಮಗ್ಗಿಯಂತೆ ಹೇಳಿಕೊಂಡಳು. ಹೇಳಿ ಮುಗಿಸುವಷ್ಟರಲ್ಲಿ ಗಾಡಿ ಟೈರಿನೊಳಗೆ ಹೋಗಿ ಬಿದ್ದಿರುತ್ತಿತ್ತು. ಅವಳ ಬಸ್ಸಿನ ಕಂಡಕ್ಟರು ಮೆಟ್ಟಿಲ ಮೇಲೆ ಕೂತು ತಮಾಷೆ ನೋಡುತ್ತಿದ್ದ. "ಕೊನೇ ಸ್ಟಾಪ್, ಎಲ್ಲ ಇಳ್ಕೊಳ್ಳಿ," ಎನ್ನುತ್ತಿದ್ದ, ಉರುಳಿದಾಗಲೆಲ್ಲ. ಅವಳು ಹೋಗಿ ಎತ್ತಿ ನಿಲ್ಲಿಸುತ್ತಿದ್ದಳು.

ಒಂದು ಮಧ್ಯಾಹ್ನ ಹೀಗೇ ನಗುವಾಗ ಅವನ ಮೊಣಕಾಲು ತಾಗಿ, ಮೆಟ್ಟಿಲ ಮೇಲಿದ್ದ ಚಹಾದ ಫ್ಲಾಸ್ಕು ವಾಲಿತು. ಅದು ಉರುಳುವ ಮೊದಲೇ ಅವನ ಕೈ ಅದರ ಕೆಳಗಿತ್ತು. ಎಡಗಡೆಗೆ ವಾಲಿದ್ದಕ್ಕೆ ಎಡಗಡೆಯಿಂದಲೇ ಕೈ.

"ಈಗೇನು ಮಾಡಿದ್ರಿ?" ಎಂದಳು ಅವಳು.

"ಏನ್ ಮಾಡ್ದೆ? ಬೀಳೋದನ್ನ ಹಿಡ್ಕೊಂಡೆ."

"ಎಡ ಯಾವುದು ಬಲ ಯಾವುದು ಅಂತ ಯೋಚನೆ ಮಾಡಿದ್ರಾ?"

"ಯೋಚನೆ ಮಾಡ್ತಾ ಕೂತಿದ್ರೆ ಚಹಾ ನೆಲ ಕುಡೀತಿತ್ತು."

ಅವಳು ಗಾಡಿಯನ್ನು ಆಚೆ ತುದಿಯಲ್ಲಿಟ್ಟು ತನ್ನ ಕಡೆ ನಿಧಾನಕ್ಕೆ ಓಡಿಸಿದಳು. ಅದು ಅವಳ ಎಡಕ್ಕೆ ಜಾರಿತು. ಬೀಳುವ ಫ್ಲಾಸ್ಕಿಗೆ ಕೈ ಕೊಟ್ಟಂತೆ ರಿಮೋಟಿನ ಚಕ್ರವನ್ನು ಎಡಕ್ಕೇ ಒತ್ತಿದಳು. ಗಾಡಿ ನೆಟ್ಟಗಾಯಿತು. ಬಲಕ್ಕೆ ಜಾರಿತು, ಬಲಕ್ಕೇ ಒತ್ತಿದಳು. ಮತ್ತೆ ನೆಟ್ಟಗಾಗಿ ಅವಳ ಬೂಟಿನ ತುದಿಗೆ ಬಂದು ನಿಂತಿತು.

ತಲೆಗೆ ಹೊಳೆದದ್ದು ಬೆರಳಿಗೆ ಇಳಿಯಲು ಮೂರು ವಾರ ಹಿಡಿಯಿತು. ನಾಲ್ಕನೇ ಓಟದಲ್ಲಿ ಆರು ಸಲ ಉರುಳಿದಳು, ಐದನೆಯದರಲ್ಲಿ ಮೂರು. ಕಂಡಕ್ಟರು ಕೊನೇ ಸ್ಟಾಪ್ ಕೂಗುವುದನ್ನು ಬಿಟ್ಟು, ಗಡಿಯಾರ ನೋಡಿ ಸುತ್ತು ಎಣಿಸತೊಡಗಿದ.

ಆರನೇ ಭಾನುವಾರ ಎರಡು ಫೈನಲ್‌ಗಳು. ನಿಧಾನದವರಿಗೆ ಕೆಳಗಿನದು, ವೇಗದವರಿಗೆ ಮೇಲಿನದು. ಕೆಳಗಿನದರಲ್ಲಿ ಮೊದಲಿಬ್ಬರಾಗಿ ಬಂದವರಿಗೆ ಮೇಲಿನದಕ್ಕೆ ಬಡ್ತಿ. ಮೇಲಿನ ಫೈನಲ್ಲಿನವರು ಕೆಳಗಿನದಕ್ಕೆ ಮಾರ್ಷಲ್‌ಗಳು, ಅಂದರೆ ತಿರುವುಗಳಲ್ಲಿ ನಿಂತು, ಉರುಳಿದ ಗಾಡಿಗಳನ್ನು ಎತ್ತಿ ನಿಲ್ಲಿಸುವವರು. ತಮ್ಮ ಮೂರನೇ ದಿಬ್ಬದ ಹತ್ತಿರ ನಿಂತ. ಅವಳು ಎಂಟು ಜನರಲ್ಲಿ ಆರನೆಯವಳಾಗಿ ಹೊರಟಳು. ಬೇಕರಿಯವರು ಮೊದಲಲ್ಲಿದ್ದರು.

ಓಟ ಏಳು ನಿಮಿಷದ್ದು. ಮೊದಲ ತಿರುವಿನಲ್ಲೇ ಆತುರಗಾರರು ಮೂವರು ಒಬ್ಬರ ಮೇಲೊಬ್ಬರು ಬಿದ್ದರು. ಗದ್ದಲದ ಚೌಕದಲ್ಲಿ ಬಸ್ಸು ನಿಲ್ಲಿಸಿದಂತೆ ಅವಳು ಕ್ಷಣ ತಡೆದು, ಸಂದು ಕಂಡ ಕೂಡಲೇ ನುಗ್ಗಿದಳು. ಮೂರನೆಯವಳಾದಳು. ನಾಲ್ಕನೇ ನಿಮಿಷಕ್ಕೆ ಬೇಕರಿಯವರ ಗಾಡಿಯ ಬಾಲ ಹಿಡಿದು ಎರಡನೆಯವಳಾಗಿದ್ದಳು. ಆಗ ಮೂರನೇ ದಿಬ್ಬದಲ್ಲಿ ಬೇಕರಿಯವರು ಎತ್ತರಕ್ಕೆ ಹಾರಿ ಅಡ್ಡ ಬಿದ್ದರು. ಅದನ್ನು ತಪ್ಪಿಸಲು ಹೋಗಿ ಅವಳೂ ಮಗುಚಿದಳು.

ಎರಡು ಗಾಡಿಗಳ ನಡುವೆ ತಮ್ಮನೊಬ್ಬನೇ. ಅವನು ತಲೆಯೆತ್ತಿ ಅಟ್ಟಣಿಗೆ ಕಡೆ ನೋಡಿದ್ದನ್ನು ಅವಳು ಕಂಡಳು. ಮೊದಲು ಬಿದ್ದದ್ದನ್ನು ಮೊದಲು ಎತ್ತಬೇಕು, ಅದು ನಿಯಮ. ಅವನು ಬೇಕರಿಯವರ ಗಾಡಿಯನ್ನು ಎತ್ತಿ ನಿಲ್ಲಿಸಿ, ಆಮೇಲೆ ಅವಳದರ ಕಡೆ ಜಿಗಿದ. ಅಷ್ಟರಲ್ಲಿ ಹಿಂದಿದ್ದ ಇಬ್ಬರು ಅವಳನ್ನು ದಾಟಿ ಹೋಗಿಯಾಗಿತ್ತು.

ಹಲ್ಲು ಕಚ್ಚಿಕೊಂಡಳು. ಉಳಿದದ್ದು ಮೂರು ನಿಮಿಷ. ಒಬ್ಬನು ತಿರುವಿನಲ್ಲಿ ಅಗಲಕ್ಕೆ ಹೋದ, ಒಳಗಿನಿಂದ ನುಸುಳಿದಳು. ಇನ್ನೊಬ್ಬನು ಬೆನ್ನ ಹಿಂದಿನ ಸದ್ದಿಗೇ ಗಾಬರಿಯಾಗಿ ಟೈರಿಗೆ ಗುದ್ದಿಕೊಂಡ. ಕೊನೆಯ ಸುತ್ತಿನಲ್ಲಿ ಗಾಡಿ ಅವಳೆದುರಿಗೆ ನೇರ ಬರುತ್ತಿರುವಾಗ ಹಿಂದಿನ ಚಕ್ರ ಕಲ್ಲಿಗೆ ತಾಗಿ ಜಾರಿತು. ಎಡ ಬಲ ಯಾವುದೂ ನೆನಪಿಗೆ ಬರಲಿಲ್ಲ. ಬೆರಳು ತಾನೇ ಬೀಳುವ ಕಡೆಗೆ ಹೋಯಿತು. ಗಾಡಿ ಅಲುಗಾಡಿ, ನಿಂತು, ಗೆರೆ ದಾಟಿತು.

ಬೇಕರಿಯವರು ಮೊದಲು, ಅವಳು ಎರಡನೆಯವಳು.

ತಮ್ಮ ಓಡಿ ಬಂದ. "ಅಕ್ಕ, ಅಲ್ಲಿ... ಅವರ ಗಾಡೀನೇ ಮೊದಲು ಬಿದ್ದಿದ್ದು."

"ನೋಡ್ದೆ. ನೀನು ನನ್ನದನ್ನೇ ಮೊದಲು ಎತ್ತಿದ್ರೆ ಮೇಷ್ಟ್ರು ಬಿಟ್ರೂ ನಾನು ಬಿಡ್ತಿರ್ಲಿಲ್ಲ. ಈಗ ಒಂದು ಬ್ಯಾಟರಿ ಕೊಡು. ನನ್ನದು ಖಾಲಿ, ಮುಂದಿನ ಓಟಕ್ಕೆ ಹದಿನೈದೇ ನಿಮಿಷ ಇರೋದು."

"ಕೊಡ್ತೀನಿ. ಆದ್ರೆ ಟ್ರ್ಯಾಕಲ್ಲಿ ನಂಗೆ ದಾರಿ ಬಿಡ್ಬೇಕು."

"ಒಂದು ಸುತ್ತು ಹಿಂದೆ ಬಿದ್ದಿದ್ರೆ ಬಿಡ್ತೀನಿ. ಇಲ್ದಿದ್ರೆ ಇಲ್ಲ."

ಹಿಂದಿನ ಚಕ್ರದ ತೋಳಿನಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟಿತ್ತು. ಅವಳೇ ಬಿಚ್ಚಿ, ಡಬ್ಬಿಯಿಂದ ಬೇರೆ ತೋಳು ತೆಗೆದು, ಸ್ಕ್ರೂ ಬಿಗಿದಳು. ತಮ್ಮ ಪಕ್ಕದಲ್ಲಿ ನಿಂತು ಸ್ಕ್ರೂಗಳನ್ನು ಅಂಗೈಯಲ್ಲಿ ಹಿಡಿದಿದ್ದ, ಕೇಳಿದಾಗ ಒಂದೊಂದೇ ಕೊಟ್ಟ.

ಮೇಲಿನ ಫೈನಲ್ಲಿನಲ್ಲಿ ಹತ್ತು ಗಾಡಿಗಳು. ಅವಳದು ಕೊನೆಯ ಜಾಗ. ಅಟ್ಟಣಿಗೆಯ ಮೇಲೆ ತಮ್ಮನ ಭುಜಕ್ಕೆ ಭುಜ ತಾಗುತ್ತಿತ್ತು. ಅವನು ಎರಡು ಸಲ ಅವಳನ್ನು ಪೂರಾ ಒಂದು ಸುತ್ತು ಹಿಂದೆ ಹಾಕಿದ. ಎರಡು ಸಲವೂ ಅವಳು ಅಂಚಿಗೆ ಸರಿದು ದಾರಿ ಬಿಟ್ಟಳು, ಮತ್ತೆ ನಡುದಾರಿಗೆ ಬಂದಳು. ಎರಡು ಗಾಡಿಗಳು ಕೆಟ್ಟು ನಿಂತವು. ಬೇಕರಿಯವರು ಕೊನೆಯ ನಿಮಿಷದಲ್ಲಿ ಅವಳ ಹಿಂದೆ ಬಿದ್ದರು, ಹಿಂದೆಯೇ ಉಳಿದರು. ಅವಳು ಏಳನೆಯವಳಾಗಿ ಮುಗಿಸಿದಳು. ತಮ್ಮನಿಗೆ ಆ ದಿನ ಎರಡನೇ ಸ್ಥಾನ.

"ಮೂರನೇ ದಿಬ್ಬಕ್ಕೆ ಆತುರ ಬಿದ್ದೆ ನೀನು," ಎಂದಳು ಅವಳು, ಇಳಿಯುತ್ತ.

"ನಿನ್ನ ಗಾಡಿ ಬಿಟ್ಟು ನಂದನ್ನ ನೋಡ್ತಿದ್ಯಾ?"

"ನನ್ನ ಮೂಗಿನ ಮುಂದೇನೇ ಹಾರಿದ್ದು. ನೋಡ್ದೆ ಹೇಗಿರ್ಲಿ?"

ಅವನಿಗೆ ಕೋಪ ಬರಬೇಕಿತ್ತು, ಬರಲಿಲ್ಲ. ಇಬ್ಬರೂ ಟ್ರ್ಯಾಕಿಗಿಳಿದು ಮೂರನೇ ದಿಬ್ಬದ ಮುಂದೆ ನಿಂತು, ಎಲ್ಲಿ ವೇಗ ಕಮ್ಮಿ ಮಾಡಬೇಕಿತ್ತೆಂದು ಕಾಲಿನಲ್ಲಿ ಗೆರೆ ಎಳೆದು ಎಳೆದು ವಾದಿಸಿದರು. ಮೇಷ್ಟ್ರು ಮೈಕು ಸುತ್ತಿಟ್ಟು ಹೊರಡುವ ತನಕವೂ ಆ ವಾದ ಮುಗಿದಿರಲಿಲ್ಲ.

ಮುಂದಿನ ಋತುವಿನಲ್ಲೂ ಆರು ಓಟಗಳಿದ್ದವು. ಅವಳು ಆರನ್ನೂ ಮುಗಿಸಿದಳು.