ಪರದಿ ಮ್ಯಾಗಿನ ಸೆರಗು

"ಲೇ ಪ್ರಾಣೇಶ, ಹೀರೋಯಿನ್ ಅರ್ಧಾನ ಬಂದಾಳಲ್ಲೋ," ಅಂದ ಗುಮಾಸ್ತ ಅಂದಪ್ಪ. ಬಾಯಿ ತೆರದ್ರ ಸಿನಿಮಾ, ಮುಚ್ಚಿದ್ರ ಚ್ಯಾಷ್ಟಿ. ಹೋದ ವಾರ ಪ್ರಿನ್ಸಿಪಾಲ್ರಿಗೆ ವರ್ಗಾ ಆತು ಅಂತ ಸುಳ್ಳ ಸುದ್ದಿ ಹಬ್ಬಿಸಿ ಪೇಡೆ ಹಂಚಿಸಿದಂವ.

ಕಂಪ್ಯೂಟರ್ ಪರದಿ ಮ್ಯಾಲಿದ್ದದ್ದು ಇಳಕಲ್ಲ ಸೀರಿ ಚಿತ್ರ. ಮೈ ಇತ್ತು, ದಡಿ ಇತ್ತು, ಸೆರಗಿರಲಿಲ್ಲ. ಅದು ಬಲಕ್ಕ ಪರದಿ ದಾಟಿ ಹೊರಗ ಉಳದಿತ್ತು. ಎಂಬತ್ತೊಂಬತ್ತನೇ ಇಸ್ವಿ, ವಿದ್ಯಾಗಿರಿಯೊಳಗಿನ ಆ ಕಾಲೇಜಿಗೆ ಯುನಿಕ್ಸ್ ಮಷೀನು ಹೊಸಾದು ಬಂದಿತ್ತು, ಪರದಿ ಮಾತ್ರ ಎಲ್ಲಿಂದೋ ತಂದ ಹಳೇದು. ಗುಂಡಿ ತಿರುವಿದ್ರ ಚಿತ್ರ ಕುಗ್ಗಂಗಿಲ್ಲ. ಅಗಲಕ್ಕ ಎಷ್ಟು ಚುಕ್ಕಿ, ಎತ್ತರಕ್ಕ ಎಷ್ಟು ಗೆರಿ, ಗೆರಿ ಎಷ್ಟು ಜೋರಿಲೆ ಓಡಬೇಕು, ಎಲ್ಲಾ ಒಂದು ಫೈಲಿನ್ಯಾಗ ಕೈಲೆ ಬರೀಬೇಕು. ಚುಕ್ಕಿ ಹೆಚ್ಚ ಹಾಕಿದ್ರ ಚಿತ್ರ ಪೂರಾ ಹಿಡೀತೈತಿ. ತಾಕತ್ತಿಗಿಂತ ಹೆಚ್ಚಾದ್ರ ಪರದಿನ ಸುಡತೈತಿ.

"ನಿನ್ನೆ ಬರದ ಅಂಕಿಗನ ಪರದಿ ಸೀಟಿ ಹೊಡೀಲಿಕ್ಕೆ ಹತ್ತಿತ್ತು," ಅಂದ ಪ್ರಾಣೇಶ. "ಇನ್ನ ಏರಿಸಿದ್ರ ಸಾಯ್ತದ."

"ಸೀಟಿ ಹೊಡದ್ರ ಪಿಚ್ಚರ್ ಹಿಟ್ ಲೇ."

ಪ್ರಾಣೇಶ ನಗಲಿಲ್ಲ. ಕಂಪ್ಯೂಟರ್ ಕಲಸೂ ಮಾಸ್ತರ ಅಂವ, ಟೆಂಪರ್ವರಿ ನೌಕರಿ. ಚೇರ್ಮನ್ ಕಾಶಪ್ಪ ಸಾವಕಾರ್ರಿಗೆ ಇಳಕಲ್ಲಾಗ ಸೀರಿ ಅಂಗಡಿ. ಇವತ್ತಿನ ಹೊಸಾ ಮಷೀನಿನ ಪೂಜಾದಾಗ ತಮ್ಮ ಸೀರಿ ಪರದಿ ಮ್ಯಾಲೆ ಕಂಡ್ರ ಪ್ರಾಣೇಶ ಕಾಯಂ, ಇಲ್ಲಾಂದ್ರ ಈ ಖೋಲ್ಯಾಗ ಟೈಪಿಂಗ್ ಕ್ಲಾಸ್ ಅಂತ ಮೊದಲ ಹೇಳಿದ್ರು.

ಸಾವಕಾರ್ರು ಮಂದಿ ಕಟ್ಟಿಕೊಂಡು ಬಂದ್ರು. ಪರದಿಗೆ ಕುಂಕುಮ ಹಚ್ಚಿದ್ರು, ಕಾಯಿ ಒಡದ್ರು, ಆಮ್ಯಾಲೆ ಕಣ್ಣ ಸಣ್ಣ ಮಾಡಿ ನೋಡಿದ್ರು.

"ಮಾಸ್ತರ, ಸೆರಗ ಎಲ್ಲೈತಿ?"

"ಹೊರಗ ಉಳದದರಿ. ಈ ಪರದಿಗೆ ಇಷ್ಟ ಹಿಡಿಯೂದು."

"ಸೆರಗಿಲ್ಲದ ಸೀರಿಗೆ ಆರತಿ ಎತ್ತಲೇನು? ನಮ್ಮ ಮನಿಯಾಕಿ ಗುರುಲಿಂಗವ್ವ ಕೇಳಿದ್ರ ನನ್ನ ಮನ್ಯಾಗ ಬಿಟ್ಕೊಳ್ಳಂಗಿಲ್ಲ. ಪೂರಾ ತೋರಸ್ರಿ."

"ಏರಿಸಿದ್ರ ಸುಡ್ತದರಿ ಸಾವಕಾರ್ರ."

"ಹಂಗಾರ ಟೈಪರೈಟರ್ ತರಸ್ತೇನಿ. ಅವು ಸುಡಂಗಿಲ್ಲ."

ಪ್ರಾಣೇಶ ಫೈಲ್ ತಗದ. ಇದ್ದ ಅಂಕಿ ಅಳಸಿ ದೊಡ್ಡ ಅಂಕಿ ಬರದ. ಅಂದಪ್ಪ ಮೆಲ್ಲಕ, "ಬ್ಯಾಡಲೇ," ಅಂದ. ಚ್ಯಾಷ್ಟಿ ಇಲ್ಲದ ಮಾತು ಅವನ ಬಾಯಾಗ ಅದ ಮೊದಲ ಬಂತು. ಪ್ರಾಣೇಶ ಕೀ ಒತ್ತಿದ.

ಪರದಿ ಕತ್ತಲಾತು. ಚಿತ್ರ ಬರೂದರಾಗ ಸಾವಕಾರ್ರು ಕರ್ಪೂರ ಹಚ್ಚಿ ಆರತಿ ಬೆಳಗಿದ್ರು. ತಾಟು ಕೆಳಗಿಟ್ಟು, ದೇವರ ಮುಂದ ನಿಂತಂಗ, ಕಣ್ಣ ಮುಚ್ಚಿ ಕೈ ಮುಗದ್ರು. ಅವರ ಹಿಂದ ಖೋಲಿ ತುಂಬ ಮಂದಿನೂ ಕಣ್ಣ ಮುಚ್ಚಿತು.

ಆವಾಗ ಬಂತು ಸೀರಿ. ಮೈ, ದಡಿ, ಬಲಕ್ಕ ಕೆಂಪು ಸೆರಗು, ಅದರಾಗಿನ ಬಿಳಿ ಗೋಪುರದ ಸಾಲು ಸುದ್ದಾ. ಸಂಗಾಟನ ಸಣ್ಣಗ ಸೀಟಿ. ಪ್ರಾಣೇಶ, ಅಂದಪ್ಪ ಬಿಟ್ರ ಯಾರೂ ಕಣ್ಣ ತೆರೀಲಿಲ್ಲ. ಸೀಟಿ ಏರಿತು, ಒಳಗ ಚಟ್ ಅಂತು, ರಬ್ಬರ್ ಸುಟ್ಟ ವಾಸನಿ ಊದಿನಕಡ್ಡಿ ವಾಸನ್ಯಾಗ ಕೂಡಿತು.

ಸಾವಕಾರ್ರು ಕಣ್ಣ ತೆರದ್ರು. ಪರದಿ ಕರ್ರಗಿತ್ತು.

"ಎಲ್ಲಿ?"

"ಬಂದಿತ್ತರಿ," ಅಂದ ಅಂದಪ್ಪ. "ಸೆರಗ ಸಮೇತ. ನಾ ಕಣ್ಣಾರೆ ನೋಡೇನಿ."

ಯಾರೋ ಹಿಂದ ಕಿಸಕ್ಕಂದ್ರು.

"ಈ ಸುದ್ದಿಗೂ ಪೇಡೆ ಯಾವಾಗಪಾ?" ಅಂದ್ರು ಸಾವಕಾರ್ರು. ಪ್ರಾಣೇಶನ ಕೈಯಾಗ ಒಂದು ಹೋಳು ಕಾಯಿ ಇಟ್ಟು ಹೊಂಟ್ರು.

ಸೋಮವಾರ ಟೈಪರೈಟರ್ ಬಂದ್ವು. ಪರದಿನ ಮೂಲ್ಯಾಗ ನೆಲಕ್ಕಿಟ್ಟಿದ್ರು. ಪ್ರಾಣೇಶ ಚೀಲ ಬಗಲಿಗೆ ಹಾಕ್ಕೊಂಡು, ಕುಂತು, ಕರ್ಚೀಫಿಲೆ ಅದರ ಧೂಳ ಒರಸಿದ. ಕುಂಕುಮ ಅಳಿಸಲಾರದಂಗ, ಅದರ ಸುತ್ತಲೂ, ಸೆರಗ ಬಂದಿದ್ದ ಬಲಗಡೆ ಅಂಚಿನ ತನಕ.